ಅದಿರು ಉಳಿಯಿತು, ಊರು ಖಾಲಿಯಾಯಿತು



ಆಲಮಟ್ಟಿಯ ಹಿನ್ನೀರಿಗಾಗಿ ಊರು ಬಿಟ್ಟವರನ್ನು ಈ ಸೀಮೆ ಕಣ್ಣಾರೆ ಕಂಡಿದೆ. ನೀರು ಬಂದು ಊರು ಹೋಗುವುದು ಇಲ್ಲಿಯವರಿಗೆ ಹೊಸದಲ್ಲ. ಆದರೆ ನ್ಯಾಯಾಲಯದ ತೀರ್ಪೊಂದರಿಂದ ಖಾಲಿಯಾದ ಊರೂ ಕರ್ನಾಟಕದಲ್ಲಿದೆ. ಅದು ಚಿಕ್ಕಮಗಳೂರು ಜಿಲ್ಲೆಯ ಕುದುರೆಮುಖ.

ಆ ಬೆಟ್ಟಗಳಲ್ಲಿ ಕಬ್ಬಿಣದ ಅದಿರು ಇರುವುದನ್ನು ಮೈಸೂರು ಸಂಸ್ಥಾನದ ಭೂವಿಜ್ಞಾನಿ ಸಂಪತ್ ಅಯ್ಯಂಗಾರ್ 1913ರಲ್ಲೇ ಗುರುತಿಸಿದ್ದರು. ಅದಿರಿನಲ್ಲಿ ಕಬ್ಬಿಣದ ಅಂಶ ಶೇಕಡಾ 38ರಷ್ಟು ಮಾತ್ರ. ಹೀಗಾಗಿ ಅದಕ್ಕೆ ಕೈ ಹಾಕುವವರು ಬಹುಕಾಲ ಸಿಗಲಿಲ್ಲ. ಕೊನೆಗೆ ಮುಂದೆ ಬಂದವನು ಇರಾನಿನ ಷಾ. ತನ್ನ ದೇಶದ ಉಕ್ಕಿನ ಕಾರ್ಖಾನೆಗಳಿಗಾಗಿ ವರ್ಷಕ್ಕೆ 75 ಲಕ್ಷ ಟನ್ ಅದಿರಿನ ಪುಡಿ ಕೊಳ್ಳಲು ಒಪ್ಪಿ, 63 ಕೋಟಿ ಡಾಲರ್ ಸಾಲ ಕೊಡುವುದಾಗಿ ಹೇಳಿದ. 1976ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರದ ಕುದುರೆಮುಖ ಕಬ್ಬಿಣ ಅದಿರು ಕಂಪನಿ ಹುಟ್ಟಿತು. ಭದ್ರೆಯ ದಂಡೆಯಲ್ಲಿ, ಕಾಡಿನ ನಡುವೆ, ಶಾಲೆ, ಆಸ್ಪತ್ರೆ, ಮಾರುಕಟ್ಟೆಗಳುಳ್ಳ ಪಟ್ಟಣವೇ ಎದ್ದಿತು.

1979ರಲ್ಲಿ ಷಾ ಪದಚ್ಯುತನಾದ. ಹಣವೂ ನಿಂತಿತು, ಕೊಳ್ಳುವವರೂ ಇಲ್ಲವಾದರು. ಆದರೂ ಭಾರತ ತನ್ನ ಹಣದಲ್ಲೇ ಕೆಲಸ ಮುಗಿಸಿ 1980ರಲ್ಲಿ ಗಣಿಯನ್ನು ಸಿದ್ಧಗೊಳಿಸಿತು. ಮುಂದೆ ಬೇರೆ ದೇಶಗಳು ಗಿರಾಕಿಗಳಾದವು.

ಅಲ್ಲಿನ ಕೆಲಸದ ಬಗೆ ಸ್ವಾರಸ್ಯಕರ. ಕಲ್ಲನ್ನು ಹಿಟ್ಟಿನಂತೆ ನುಣ್ಣಗೆ ಅರೆದು, ಅಯಸ್ಕಾಂತದಿಂದ ಕಬ್ಬಿಣದ ಅಂಶವನ್ನು ಸೆಳೆದು, ನೀರಿನಲ್ಲಿ ಕಲಸಿ 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಘಟ್ಟದ ಕೆಳಗಿನ ಮಂಗಳೂರಿಗೆ ಹರಿಸುತ್ತಿದ್ದರು. ಅಲ್ಲಿ ನೀರು ಸೋಸಿ ತೆಗೆದು ಪುಡಿಯನ್ನು ಹಡಗಿಗೆ ತುಂಬುವುದು. ಉಳಿದ ಕೆಸರು? ಅದನ್ನು ತಡೆಯಲೆಂದೇ ಲಕ್ಯಾ ಹೊಳೆಗೆ 100 ಮೀಟರ್ ಎತ್ತರದ ಅಣೆಕಟ್ಟು ಕಟ್ಟಿದರು. ಅಗೆದ ಗುಡ್ಡದ ಮಣ್ಣು ಮಾತ್ರ ಮಳೆಗಾಲದಲ್ಲಿ ಭದ್ರೆಗೆ ಇಳಿಯುತ್ತಿತ್ತು. ಕೆಳಗಿನ ರೈತರು ದೂರಿದರು. ಸಿಂಗಳೀಕಗಳ ಆ ಕಾಡು 1987ರಲ್ಲಿ ರಾಷ್ಟ್ರೀಯ ಉದ್ಯಾನವೂ ಆಯಿತು. ಒಂದು ಕಡೆ ಉದ್ಯಾನ, ಅದರ ಹೊಟ್ಟೆಯಲ್ಲೇ ಗಣಿ!

1999ರಲ್ಲಿ ಗುತ್ತಿಗೆಯ 30 ವರ್ಷ ಮುಗಿದಾಗ ಕಂಪನಿ ಇನ್ನೂ 20 ವರ್ಷ ಕೇಳಿತು. ಪರಿಸರವಾದಿಗಳು ಬೀದಿಗಿಳಿದರು. ಅರಣ್ಯ ಇಲಾಖೆಯಲ್ಲಿ ದುಡಿದು ನಿವೃತ್ತರಾಗಿದ್ದ ಕೆ.ಎಂ. ಚಿಣ್ಣಪ್ಪ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. 2002ರ ಅಕ್ಟೋಬರ್ 30ರಂದು ತೀರ್ಪು ಬಂತು: 2005ರ ಕೊನೆಗೆ ಗಣಿಗಾರಿಕೆ ನಿಲ್ಲಬೇಕು. ನಿಂತಿತು. ಕೆಲವರು ಸ್ವಯಂ ನಿವೃತ್ತಿ ಪಡೆದರು, ಕೆಲವರು ಮಂಗಳೂರಿಗೆ ಹೋದರು. ಅಲ್ಲೇ ಹುಟ್ಟಿ ಬೆಳೆದ ಮಕ್ಕಳಿಗೆ ಮಾತ್ರ ಹುಟ್ಟೂರು ಎನ್ನುವುದು ಕಂಪನಿಯ ಕ್ವಾರ್ಟರ್ಸ್ ಆಗಿತ್ತು; ಅದು ಹೋಯಿತು. ಈ ನಷ್ಟವನ್ನು ಯಾವ ಕಾಗದದಲ್ಲಿ ಬರೆದಿಡುವುದು?

ಇಂಥ ಪಾಳು ಠಾಣ್ಯಗಳು ಜಗತ್ತಿನಲ್ಲಿ ಬೇರೆಯೂ ಇವೆ. ದಕ್ಷಿಣ ಅಟ್ಲಾಂಟಿಕ್ ಸಾಗರದ ದಕ್ಷಿಣ ಜಾರ್ಜಿಯಾ ಎಂಬ ಹಿಮದ ದ್ವೀಪದಲ್ಲಿ ನಾರ್ವೆಯ ಲಾರ್ಸೆನ್ ಎಂಬಾತ 1904ರಲ್ಲಿ ಗ್ರಿಟ್ವಿಕನ್ ಎಂಬ ನೆಲೆ ಸ್ಥಾಪಿಸಿದ. ತಿಮಿಂಗಿಲದ ಕೊಬ್ಬನ್ನು ಕುದಿಸಿ ಎಣ್ಣೆ ತೆಗೆಯುವುದು ಅಲ್ಲಿನ ಉದ್ಯೋಗ. ಸುಮಾರು 60 ವರ್ಷಗಳಲ್ಲಿ ಆ ದ್ವೀಪದ ಠಾಣ್ಯಗಳು 1,75,000ಕ್ಕೂ ಹೆಚ್ಚು ತಿಮಿಂಗಿಲಗಳನ್ನು ಕರಗಿಸಿದವು. ಬೇಟೆಗೆ ತಿಮಿಂಗಿಲಗಳೇ ಸಿಗದಂತಾದಾಗ, 1960ರ ದಶಕದ ನಡುವೆ, ಬೀಗ ಬಿತ್ತು. ಕುದುರೆಮುಖದಲ್ಲಿ ಹಾಗಾಗಲಿಲ್ಲ. ಅದಿರು ಬೆಟ್ಟದಲ್ಲಿ ಇನ್ನೂ ಇದ್ದಾಗಲೇ, ಸಾಕು ಎಂದು ಹೇಳಿಸಲಾಯಿತು.

ಲಕ್ಯಾ ಅಣೆಕಟ್ಟಿನ ಹಿಂದೆ ಕೋಟಿಗಟ್ಟಲೆ ಟನ್ ಕೆಸರು ಹಾಗೆಯೇ ಉಳಿದಿದೆ. ಗಣಿ ಮುಚ್ಚಿದರೂ ಆ ಕಟ್ಟೆಯನ್ನು ಕಾಯುವ ಕೆಲಸ ಮುಗಿಯುವಂಥದ್ದಲ್ಲ. ಇನ್ನು ಅದಿರಿನ ಪುಡಿಯನ್ನು ಉಂಡೆಗಟ್ಟುತ್ತಿದ್ದ ಮಂಗಳೂರಿನ ಕಾರ್ಖಾನೆಯನ್ನು, ಛತ್ತೀಸಗಡದ ಬೆಟ್ಟಗಳ ಅದಿರನ್ನು ತರಿಸಿ ನಡೆಸಬೇಕಾಯಿತು.