ಮತ್ತೆ ವಿದ್ಯಾರ್ಥಿಗಳಾಗೋಣ



ನಮ್ಮ ಪೂರ್ವಿಕರು ಕಟ್ಟಿದ ಈ ದೇವಾಲಯಕ್ಕೆ ನೂರು ವರ್ಷ ತುಂಬಿದ ಸಂತೋಷದಲ್ಲಿ ನಾವು ಗೋಡೆಗಳಿಗೆ ಸುಣ್ಣ ಬಳಿದಿದ್ದೇವೆ, ಪೀಠವನ್ನು ಅಲಂಕರಿಸಿದ್ದೇವೆ. ಕಲ್ಲು ಗಾರೆಯ ಆಲಯ ಹೊಸದಾಯಿತು. ಸಂತ ಪೌಲರು ಪವಿತ್ರಾತ್ಮರ ಆಲಯವೆಂದು ಕರೆದ ನಾವು ಹೊಸಬರಾದೆವೇ?

ನಾವು ಹುಟ್ಟು ಕ್ರೈಸ್ತರು, ಜ್ಞಾನಸ್ನಾನ ಪಡೆದವರು, ಭಾನುವಾರದ ಪೂಜೆ ತಪ್ಪಿಸದವರು. ಇನ್ನು ಬದಲಾಗಬೇಕಾದುದೇನು ಎಂಬ ನಿಶ್ಚಿಂತೆ ನಮ್ಮಲ್ಲಿ ಬೇರೂರಿದೆ. ಸ್ಪೇನ್ ದೇಶದ ಲೊಯೋಲದಲ್ಲಿ 1491ರಲ್ಲಿ ಜನಿಸಿದ ಸಂತ ಇಗ್ನಾಸಿಯವರೂ ಹುಟ್ಟು ಕ್ರೈಸ್ತರೇ. ಆದರೆ ಅವರ ಮನಸ್ಸೆಲ್ಲ ಕತ್ತಿವರಸೆ ಹಾಗೂ ಲೋಕದ ಕೀರ್ತಿಯ ಮೇಲಿತ್ತು. 1521ರ ಮೇ 20ರಂದು ಪಾಂಪ್ಲೋನ ಕೋಟೆಯ ಕಾಳಗದಲ್ಲಿ ಫಿರಂಗಿಯ ಗುಂಡು ಅವರ ಕಾಲನ್ನು ಮುರಿಯಿತು. ಕೂಡಿದ ಮೂಳೆ ಉಬ್ಬಿ ನಿಂತಾಗ, ಅಂದದ ಪಾದರಕ್ಷೆ ತೊಡಲಾಗದೆಂದು ಅದನ್ನು ಗರಗಸದಿಂದ ಕೊಯ್ಯಿಸಿಕೊಂಡರು. ಒಣ ಪ್ರತಿಷ್ಠೆಗಾಗಿ ಮನುಷ್ಯ ಎಷ್ಟು ನೋವನ್ನಾದರೂ ತಾಳಬಲ್ಲ! ನಾವೂ ಹಾಗೆಯೇ ಅಲ್ಲವೇ?

ಹಾಸಿಗೆಯಲ್ಲಿದ್ದ ಅವರು ಕಾಲ ಕಳೆಯಲು ವೀರಕಥೆಗಳನ್ನು ಕೇಳಿದರು. ಆ ಮನೆಯಲ್ಲಿ ಸಿಕ್ಕಿದ್ದು ಕ್ರಿಸ್ತರ ಚರಿತ್ರೆ ಮತ್ತು ಸಂತರ ಕಥೆಗಳು ಮಾತ್ರ. ಲೋಕದ ವೈಭವವನ್ನು ನೆನೆದಾಗ ಸುಖವಾಗುತ್ತಿತ್ತು, ಬಳಿಕ ಮನಸ್ಸು ಬರಡಾಗುತ್ತಿತ್ತು. ಸಂತರ ದಾರಿಯನ್ನು ನೆನೆದಾಗಲಾದರೋ ಸಂತೋಷ ಉಳಿದೇ ಇರುತ್ತಿತ್ತು. ಈ ಸಣ್ಣ ವ್ಯತ್ಯಾಸವನ್ನು ಗಮನಿಸಿದ್ದೇ ಅವರ ಪರಿವರ್ತನೆಯ ಆರಂಭ.

ಆದರೆ ಅದು ಆರಂಭ ಮಾತ್ರ. 1522ರಲ್ಲಿ ಮೊಂತ್ಸೆರಾತ್‌ನ ದೇವಮಾತೆಯ ಪೀಠದ ಬಳಿ ಕತ್ತಿಯನ್ನು ಬಿಟ್ಟುಬಂದರೂ ಮನಸ್ಸಿನ ಹೋರಾಟ ನಿಲ್ಲಲಿಲ್ಲ. ಮನ್ರೇಸದಲ್ಲಿ ಎಷ್ಟು ಪಾಪನಿವೇದನೆ ಮಾಡಿದರೂ ಶಂಕೆ ತೀರದೆ ತಿಂಗಳುಗಟ್ಟಲೆ ತೊಳಲಿದರು. ಮುಂದೆ 1524ರಲ್ಲಿ, ಸುಮಾರು ಮೂವತ್ತಮೂರರ ಪ್ರಾಯದಲ್ಲಿ, ಬಾರ್ಸೆಲೋನದಲ್ಲಿ ಬಾಲಕರ ಜೊತೆ ಕುಳಿತು ಲತೀನ್ ವ್ಯಾಕರಣ ಕಲಿತರು. ಪಾಠದ ನಡುವೆ ಭಕ್ತಿಯ ಮಧುರ ಆಲೋಚನೆಗಳು ಬಂದು ಕಲಿಕೆಗೆ ಅಡ್ಡಿಯಾದಾಗ, ಅವೂ ಶೋಧನೆಯೆಂದು ತಿಳಿದು, ಪಾಠ ತಪ್ಪಿಸೆನೆಂದು ಉಪಾಧ್ಯಾಯರಿಗೆ ಮಾತು ಕೊಟ್ಟರು. 1540ರಲ್ಲಿ ಪೋಪರ ಅನುಮೋದನೆ ಪಡೆದ ಯೇಸುಸಭೆಯ ಸ್ಥಾಪಕರು ಹೀಗೆ ಮಕ್ಕಳ ಬೆಂಚಿನ ಮೇಲೆ ಕುಳಿತವರು.

ಪ್ರಿಯರೇ, ನಮಗೆ ಕಷ್ಟವಾದುದು ಈ ಬೆಂಚು. ಉಪವಾಸ ಮಾಡುತ್ತೇವೆ, ಕಾಣಿಕೆ ಕೊಡುತ್ತೇವೆ. ಆದರೆ "ನಾನು ತಪ್ಪಿದೆ, ಕಲಿಸು" ಎನ್ನಲಾರೆವು. ಬೇಲಿಯ ವ್ಯಾಜ್ಯಕ್ಕಾಗಿ ಮಾತು ಬಿಟ್ಟ ಅಣ್ಣ ತಮ್ಮಂದಿರು ಒಂದೇ ಪೀಠದ ಮುಂದೆ ಪರಮಪ್ರಸಾದ ಸ್ವೀಕರಿಸಿ, ಬೇರೆ ಬೇರೆ ಬಾಗಿಲಿನಿಂದ ಹೊರಗೆ ಹೋಗುವುದುಂಟು. ಹಿರಿಯನಾದ ನಾನೇ ಮೊದಲು ಹೋಗಬೇಕೇ ಎಂದು ಒಬ್ಬರು, ಕಿರಿಯನೆಂದು ನನ್ನನ್ನು ತುಳಿದರು ಎಂದು ಇನ್ನೊಬ್ಬರು. ಕಾಣಿಕೆಯನ್ನು ಪೀಠದ ಬಳಿಯೇ ಬಿಟ್ಟು ಮೊದಲು ಸಹೋದರನೊಡನೆ ರಾಜಿಯಾಗುವಂತೆ ಬೋಧಿಸಿದ ಪ್ರಭು, ಯಾರು ಹಿರಿಯರೆಂದು ಕೇಳಲಿಲ್ಲ.

ಒಂದೇ ದಿನದಲ್ಲಿ ನಾವು ಸಂತರಾಗಲಾರೆವು. ಬಿತ್ತಿದವನು ಮಲಗಿ ಏಳುತ್ತಿರುವಾಗಲೇ ಬೀಜ ಮೊಳೆತು ಬೆಳೆಯುತ್ತದೆಂದು ಸ್ವಾಮಿ ಹೇಳಿದರು. ಬೆಳೆಸುವುದು ದೇವರ ವರಪ್ರಸಾದ, ಹೊಲವನ್ನು ಹದವಾಗಿರಿಸುವುದು ನಮ್ಮ ಕೆಲಸ. ಅದಕ್ಕೆ ಸಂತ ಇಗ್ನಾಸಿಯವರು ಆತ್ಮಶೋಧನೆಯೆಂಬ ಸುಲಭ ಸಾಧನವನ್ನು ಕಲಿಸಿದ್ದಾರೆ. ರಾತ್ರಿ ಜಪಸರ ಮುಗಿದ ಮೇಲೆ ಸ್ವಲ್ಪ ಹೊತ್ತು ಮೌನವಾಗಿರೋಣ. ದೇವರ ಉಪಕಾರಗಳಿಗೆ ವಂದಿಸಿ, ಬೆಳಕನ್ನು ಬೇಡಿ, ದಿನದ ನಡೆನುಡಿಗಳನ್ನು ಪರೀಕ್ಷಿಸಿ, ತಪ್ಪಿಗೆ ಕ್ಷಮೆ ಯಾಚಿಸಿ, ನಾಳೆ ತಿದ್ದಿಕೊಳ್ಳಬೇಕಾದ ಒಂದೇ ಒಂದು ವಿಷಯವನ್ನು ನಿಶ್ಚಯಿಸೋಣ. ಆ ಒಂದು ವಿಷಯ ಮುನಿದ ಮನೆಯ ಬಾಗಿಲು ತಟ್ಟುವುದೇ ಆಗಿದ್ದರೆ, ಬೆಳಗಾಗುತ್ತಲೇ ಹೊರಡೋಣ.

ನೂರು ವರ್ಷದ ಈ ಆಲಯಕ್ಕೆ ನಾವು ಅರ್ಪಿಸಬಹುದಾದ ಉತ್ತಮ ಕಾಣಿಕೆ ಅದೇ. ದೇವಮಾತೆಯ ಬಿನ್ನಹದಿಂದ ಪ್ರಭು ನಮ್ಮೆಲ್ಲರನ್ನೂ ಮತ್ತೆ ತಮ್ಮ ವಿದ್ಯಾರ್ಥಿಗಳನ್ನಾಗಿ ಸ್ವೀಕರಿಸಲಿ. ಆಮೆನ್.