ಮಸೀದಿಯ ಡಬ್ಬಿಗಿಂತ ಮೊದಲು ಸಾಲ



ಸರ್ವಸ್ತುತಿ ಅಲ್ಲಾಹನಿಗೆ. ಅವನ ಪ್ರವಾದಿಯವರ(ಸ) ಮೇಲೆ ಸಲಾತ್ ಮತ್ತು ಸಲಾಮ್.

ಕಳೆದ ತಿಂಗಳು ಇಶಾ ನಮಾಝಿನ ಬಳಿಕ ನಮ್ಮ ಜಮಾಅತಿನ ಯುವಕನೊಬ್ಬ ನನ್ನ ಕೋಣೆಗೆ ಬಂದ. ಐದು ಹೊತ್ತಿನ ನಮಾಝ್ ಬಿಡದವನು, ಮಸೀದಿಯ ಕಟ್ಟಡ ನಿಧಿಗೆ ಪ್ರತಿ ತಿಂಗಳೂ ಸಾವಿರ ರೂಪಾಯಿ ಕೊಡುವವನು. "ಉಸ್ತಾದ್, ಕ್ರೆಡಿಟ್ ಕಾರ್ಡಿನಲ್ಲಿ ಇಎಂಐ ಮಾಡಿಸಿ ಉಮ್ರಾಕ್ಕೆ ಹೋಗಬಹುದಾ?" ಎಂದು ಕೇಳಿದ. "ಈಗ ಕಾರ್ಡಿನಲ್ಲಿ ಎಷ್ಟು ಬಾಕಿ ಇದೆ?" ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಮೊಬೈಲ್ ತೆರೆದು ತೋರಿಸಿದ. 60,000 ರೂಪಾಯಿ. ಅವನ ಒಪ್ಪಿಗೆ ಪಡೆದೇ ಇದನ್ನು ಇಲ್ಲಿ ಹೇಳುತ್ತಿದ್ದೇನೆ. ಯಾರಿರಬಹುದು ಎಂದು ಯಾರೂ ಹುಡುಕಬೇಡಿ.

"ಮಿನಿಮಮ್ ಡ್ಯೂ ತಪ್ಪದೆ ಕಟ್ಟುತ್ತಿದ್ದೇನೆ ಉಸ್ತಾದ್" ಎಂಬುದು ಅವನ ಸಮಾಧಾನ. ಇಬ್ಬರೂ ಕೂತು ಲೆಕ್ಕ ಹಾಕಿದೆವು. ತಿಂಗಳಿಗೆ ಶೇ. 3.5ರಂತೆ ಬಡ್ಡಿ 2,100 ರೂಪಾಯಿ. ಅದರ ಮೇಲೆ ಶೇ. 18 ಜಿಎಸ್‌ಟಿ, 378 ರೂಪಾಯಿ. ಅವನು ಕಟ್ಟುತ್ತಿದ್ದುದು 3,000. ಅಂದರೆ ಸಾಲಕ್ಕೆ ಜಮೆಯಾದದ್ದು ಬರೀ 522 ರೂಪಾಯಿ! ಹಿಂದಿನ ಬಾಕಿ ಪೂರ್ತಿ ತೀರದಿದ್ದರೆ ಹೊಸದಾಗಿ ಕೊಂಡದ್ದಕ್ಕೂ ಕೊಂಡ ದಿನದಿಂದಲೇ ಬಡ್ಡಿ ಬೀಳುತ್ತದೆ. ಅದು ಅವನಿಗೆ ಗೊತ್ತೇ ಇರಲಿಲ್ಲ. ಹಲಾಲ್ ಸಂಪಾದನೆಯಲ್ಲಿ ತಿಂಗಳಿಗೆ ಎರಡು ಸಾವಿರಕ್ಕೂ ಹೆಚ್ಚು ಬಡ್ಡಿಗೆ ಹೋಗುತ್ತಿತ್ತು, ಮಸೀದಿಗೆ ಒಂದು ಸಾವಿರ.

ನಾನು ಹೇಳಿದೆ, "ಮಗನೇ, ಇನ್ನು ಆ ಸಾವಿರ ಇಲ್ಲಿಗೆ ಕೊಡಬೇಡ." ಕಮಿಟಿಯ ಹಿರಿಯರು ನನ್ನ ಮೇಲೆ ಮುನಿಸಿಕೊಳ್ಳಬಾರದು. ಝಕಾತಿನ ವಿಷಯ ಬೇರೆ. ಆದರೆ ಸ್ವಂತ ಇಷ್ಟದಿಂದ ಕೊಡುವ ದಾನಕ್ಕಿಂತ ಸಾಲ ತೀರಿಸುವ ಕಡ್ಡಾಯ ಮೊದಲು ಬರುತ್ತದೆ. ಉಮ್ರಾವೂ ಹಾಗೆಯೇ, ಕಾಬಾ ಎಲ್ಲಿಗೂ ಹೋಗುವುದಿಲ್ಲ.

ಪ್ರವಾದಿಯವರ(ಸ) ಮುಂದೆ ಒಂದು ಜನಾಝಾ ತರಲಾದ ಘಟನೆ ಬುಖಾರಿಯಲ್ಲಿದೆ. ಮೃತನಿಗೆ ಮೂರು ದೀನಾರ್ ಸಾಲವಿತ್ತು, ತೀರಿಸಲು ಅವನು ಏನನ್ನೂ ಬಿಟ್ಟು ಹೋಗಿರಲಿಲ್ಲ. ಪ್ರವಾದಿಯವರು(ಸ) ತಾವು ನಮಾಝ್ ನಿರ್ವಹಿಸದೆ ಸಂಗಾತಿಗಳಿಗೆ ನಿರ್ವಹಿಸಲು ಹೇಳಿದರು. ಆ ಸಾಲ ನನ್ನ ಮೇಲಿರಲಿ ಎಂದು ಅಬೂ ಕತಾದ(ರ) ಹೊಣೆ ಹೊತ್ತ ಮೇಲೆಯೇ ಮುಂದೆ ನಿಂತರು. ಬರೀ ಮೂರು ದೀನಾರ್!

ಅವರು ನಮಾಝಿನಲ್ಲಿ ಸಾಲದಿಂದ ಅಭಯ ಯಾಚಿಸುತ್ತಿದ್ದರು. ಕಾರಣ ಕೇಳಿದಾಗ, ಸಾಲಗಾರನು ಮಾತಾಡಿದರೆ ಸುಳ್ಳು ಹೇಳುತ್ತಾನೆ, ಮಾತು ಕೊಟ್ಟರೆ ಮುರಿಯುತ್ತಾನೆ ಎಂಬರ್ಥದಲ್ಲಿ ಉತ್ತರಿಸಿದರು. ಈ ಯುವಕ ಕಾರ್ಡಿನಲ್ಲಿ ಕೊಂಡ ಮೊಬೈಲನ್ನು ಆಫೀಸಿನವರು ಕೊಟ್ಟದ್ದೆಂದು ತಂದೆಗೆ ಹೇಳಿದ್ದ. ಬಡ್ಡಿಯ ಲೆಕ್ಕ ಹೇಳುವಾಗ ಅಳದವನು ಇದನ್ನು ಹೇಳುವಾಗ ಅತ್ತ.

ಕಾರ್ಡನ್ನೇ ಇಟ್ಟುಕೊಳ್ಳಬಹುದೇ ಎಂಬುದರಲ್ಲಿ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಒಪ್ಪಂದದಲ್ಲೇ ಬಡ್ಡಿಯ ಷರತ್ತು ಇರುವುದರಿಂದ ಬೇಡ ಎನ್ನುವವರಿದ್ದಾರೆ. ಗಡುವಿನೊಳಗೆ ಪೂರ್ತಿ ಕಟ್ಟುವ ಖಾತ್ರಿ ಇದ್ದರೆ ಆಗಬಹುದು ಎನ್ನುವವರೂ ಇದ್ದಾರೆ. ಆದರೆ ಮಿನಿಮಮ್ ಕಟ್ಟಿ ಬಡ್ಡಿ ಬೆಳೆಸುವುದನ್ನು ಯಾರೂ ಸರಿ ಎಂದಿಲ್ಲ.

ಕೊನೆಗೆ ಅವನು ತಂದೆಗೆ ನಿಜ ಹೇಳಿದ. ಅವನ ಸೋದರಮಾವ ಬಡ್ಡಿಯಿಲ್ಲದೆ 60,000 ಕೊಟ್ಟು ಕಾರ್ಡಿನ ಬಾಕಿ ಮುಗಿಸಿದರು. ತಿಂಗಳಿಗೆ 5,000ದಂತೆ 12 ತಿಂಗಳಲ್ಲಿ ಮರಳಿಸುವುದೆಂದು ಇಬ್ಬರು ಸಾಕ್ಷಿಗಳ ಮುಂದೆ ಬರೆದುಕೊಂಡರು. ಮಾವ ಅಳಿಯನ ನಡುವೆ ಕಾಗದ ಯಾಕೆ ಎಂದು ಮನೆಯಲ್ಲಿ ಕೇಳಿದರಂತೆ. ಕುರ್‌ಆನಿನ ಅತಿ ದೀರ್ಘ ಸೂಕ್ತ, ಅಲ್‌ಬಕರದ 282, ಸಾಲವನ್ನು ಬರೆದಿಡುವ ಬಗ್ಗೆಯೇ ಇದೆ. ಅದಕ್ಕಿಂತ ಎರಡು ಸೂಕ್ತ ಮೊದಲು, ಕಷ್ಟದಲ್ಲಿರುವ ಸಾಲಗಾರನಿಗೆ ಕಾಲಾವಕಾಶ ಕೊಡಲು ಹೇಳಿದೆ. ಕೈಯಲ್ಲಿ ಹಣವಿರುವ ಹಿರಿಯರು ಆ ಎರಡನ್ನೂ ಒಟ್ಟಿಗೆ ಓದಬೇಕು.

ಕಂತು ತಪ್ಪಿ ವಸೂಲಿಯವರ ಫೋನಿಗೆ ಹೆದರಿರುವವರೂ ಇಲ್ಲಿರಬಹುದು. ಬೆಳಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಅವರು ಕರೆ ಮಾಡುವಂತಿಲ್ಲ, ಬೆದರಿಸುವಂತಿಲ್ಲ ಎಂದು ರಿಸರ್ವ್ ಬ್ಯಾಂಕಿನ ನಿಯಮವಿದೆ. ಬ್ಯಾಂಕಿಗೆ ಬರಹದಲ್ಲಿ ದೂರು ಕೊಡಿ.

ಇಂದು ಅಸರ್‌ವರೆಗೆ ನಾನು ಕೋಣೆಯಲ್ಲೇ ಇರುತ್ತೇನೆ. ಬರುವವರು ಕಾರ್ಡಿನ ಸ್ಟೇಟ್‌ಮೆಂಟ್ ತನ್ನಿ.