ಬಂಡೆಯ ಹಾವಸೆಗೆ ಹೆಸರಿಟ್ಟವರು



ಮಳೆ ಹಿಡಿದ ಮೇಲೆ ಗುಡೇಕೋಟೆಯ ಗುಂಡುಗಳ ಸಂದಿಯನ್ನೋ ಉಚ್ಚಂಗಿದುರ್ಗದ ಮೆಟ್ಟಿಲ ಬದಿಯನ್ನೋ ಒಮ್ಮೆ ನೋಡಿ. ಬೇಸಿಗೆಯಲ್ಲಿ ಕರ್ರಗೆ ಒಣಗಿ ಕಲ್ಲಿಗೆ ಅಂಟಿಕೊಂಡಿದ್ದದ್ದು ಒಂದೆರಡು ಹದ ಮಳೆಗೆ ಹಸಿರಾಗಿರುತ್ತದೆ. ಅದು ಹೊಸದಾಗಿ ಹುಟ್ಟಿದ್ದಲ್ಲ. ಎಲೆ ಸುರುಟಿಕೊಂಡು ಕಾಯುತ್ತಿದ್ದ ಹಾವಸೆ, ನೀರು ಕಂಡು ಬಿಚ್ಚಿಕೊಂಡಿದೆ, ಅಷ್ಟೆ. ಇದಕ್ಕೆ ಹೂವಿಲ್ಲ, ಬೀಜವಿಲ್ಲ, ನಿಜವಾದ ಬೇರೂ ಇಲ್ಲ. ಇಂಥದ್ದಕ್ಕೆ ಜಾತಿ, ಕುಲ ಅಂತ ಹೆಸರಿಟ್ಟವರು ಯಾರು, ಹೇಗಿಟ್ಟರು ಅನ್ನುವುದು ಇವತ್ತಿನ ಮಾತು.

ಸಸ್ಯಶಾಸ್ತ್ರಜ್ಞ ಡಿಲ್ಲೇನಿಯಸ್ 1741ರಲ್ಲೇ ಹಾವಸೆಗಳ ದೊಡ್ಡ ಗ್ರಂಥ ಬರೆದಿದ್ದ. ಆದರೆ ದಂಟಿನ ತುದಿಯ ಪುಟ್ಟ ಕುಡಿಕೆಯನ್ನು ಅವನು ಹೂವಿನ ಪರಾಗಕೋಶ ಅಂದುಕೊಂಡ. ಲಿನೇಯಸ್ ಕೂಡ ಅದನ್ನೇ ಒಪ್ಪಿಕೊಂಡ. ಗಂಟು ಬಿಡಿಸಿದವನು ಯೋಹಾನ್ ಹೆಡ್ವಿಗ್ ಎಂಬ ವೈದ್ಯ. ರೋಗಿಗಳನ್ನು ನೋಡಿ ಉಳಿದ ಹೊತ್ತಿನಲ್ಲಿ ಸೂಕ್ಷ್ಮದರ್ಶಕದ ಮುಂದೆ ಕೂತು, ಹಾವಸೆಯ ಗಂಡು ಹೆಣ್ಣು ಅಂಗಗಳು ಬೇರೆ ಕಡೆ ಇವೆ, ಕುಡಿಕೆಯಲ್ಲಿರುವುದು ಬೀಜಾಣು ಎಂದು ತೋರಿಸಿದ. ಆ ಕುಡಿಕೆಯ ಬಾಯಿ ನೋಡುವಂಥದ್ದು. ಮುಚ್ಚಳ ಉದುರಿದರೆ ಅಂಚಿನಲ್ಲಿ ಸುತ್ತಲೂ ಹಲ್ಲುಗಳು, ಹೆಚ್ಚಿನವುಗಳಲ್ಲಿ ಹದಿನಾರು. ಗಾಳಿಯ ತೇವ ಏರಿಳಿದಂತೆ ಈ ಹಲ್ಲು ಬಾಗುತ್ತವೆ, ಬಿಚ್ಚುತ್ತವೆ, ಬೀಜಾಣು ಹೊರಬೀಳುತ್ತದೆ. ಹೆಡ್ವಿಗ್ ಈ ಹಲ್ಲುಗಳನ್ನೇ ಹಿಡಿದು ಕುಲಗಳನ್ನು ಬೇರ್ಪಡಿಸಿದ. 1799ರಲ್ಲಿ ತೀರಿಕೊಂಡ, ಅವನ ಹಾವಸೆ ಪುಸ್ತಕ ಹೊರಬಂದದ್ದು 1801ರಲ್ಲಿ. ಸ್ಫ್ಯಾಗ್ನಮ್ ಒಂದನ್ನು ಬಿಟ್ಟರೆ ಹಾವಸೆಯ ಹೆಸರುಗಳ ಲೆಕ್ಕ ಇಂದಿಗೂ ಆ ಪುಸ್ತಕದಿಂದಲೇ ಶುರು.

ನಮ್ಮ ನಾಡಿನ ಹಾವಸೆ ಲೆಕ್ಕಕ್ಕೆ ಬಂದದ್ದು ಇನ್ನೂ ತಡವಾಗಿ, ಅದೂ ವಿಚಿತ್ರವಾದ ದಾರಿಯಲ್ಲಿ. ಕಲ್ಲು ನೋಡಲು ಬಂದ ಭೂವಿಜ್ಞಾನಿ ಟಿ. ಎಲ್. ವಾಕರ್ ಕೊಡಗಿನಲ್ಲಿ ಹಾವಸೆ ಕೆರೆದು ಪೊಟ್ಟಣ ಕಟ್ಟಿದರು. ಅದನ್ನು ಪರೀಕ್ಷಿಸಿದವರು ದೂರದ ಫಿನ್ಲೆಂಡಿನ ಶಾಲಾ ಮೇಷ್ಟ್ರು ಬ್ರೊಥೆರಸ್. 1899ರಲ್ಲಿ ಅವರ ಬರಹ ಅಚ್ಚಾಯಿತು. ಹಯೋಫಿಲ ವಾಕೆರಿ, ಫಿಸಿಡೆನ್ಸ್ ವಾಕೆರಿ ಎಂದು ವಾಕರ್ ಹೆಸರು ಗಿಡಗಳಿಗೆ ಅಂಟಿತು. ಉತ್ತರ ಕನ್ನಡದ ಕಾಡುಗಳಲ್ಲಿ ಸಂಗ್ರಹ ಮಾಡಿದ ಸೆಜ್‌ವಿಕ್ ಐಸಿಎಸ್ ಅಧಿಕಾರಿ. ಅವರ ಹಾವಸೆಗಳನ್ನು ಗುರುತಿಸಿದ ಡಿಕ್ಸನ್ ಇಂಗ್ಲೆಂಡಿನಲ್ಲಿ ಕಿವುಡ ಮಕ್ಕಳಿಗೆ ಪಾಠ ಹೇಳುತ್ತಿದ್ದವರು. ಸೆಜ್‌ವಿಕ್ ಹೆಸರಿನಲ್ಲಿ ಬ್ರಯೊಸೆಜ್‌ವಿಕಿಯ ಎಂಬ ಒಂದು ಕುಲವನ್ನೇ ಹುಟ್ಟುಹಾಕಿದರು. ಮುಂದೆ ಬಂದವರು ಅದನ್ನು ಬೇರೆ ಕುಲದೊಳಗೆ ಸೇರಿಸಿಬಿಟ್ಟರು! ಈ ಲೋಕದಲ್ಲಿ ಸನ್ಮಾನಕ್ಕೆ ಶಾಶ್ವತ ಹಕ್ಕುಪತ್ರ ಇಲ್ಲ.

ಹೀಗೆ ಹೆಸರು ಅಳಿಸಿಹೋಗುವುದಕ್ಕೆ ಕಾರಣವಿದೆ. ಜರ್ಮನಿಯ ಹಾಲೆ ಊರಿನ ಕಾರ್ಲ್ ಮ್ಯೂಲರ್‌ನಂಥವರು ಹೊಸ ಸೀಮೆಯ ಪೊಟ್ಟಣ ಬಂದರೆ ಗಿಡವೂ ಹೊಸದೇ ಇರಬೇಕು ಎಂದು ನಂಬಿ ಹೆಸರಿಡುತ್ತ ಹೋದರು. ಬೀಜಾಣುವಾದರೋ ಧೂಳಿಗಿಂತ ಹಗುರ, ಗಾಳಿಯಲ್ಲಿ ಸಮುದ್ರ ದಾಟುತ್ತದೆ. ಗೋಡೆಗಳ ಮೇಲೆ ಬೆಳ್ಳಗೆ ಹೊಳೆಯುವ ಬ್ರಯಮ್ ಅರ್ಜೆಂಟಿಯಮ್ ಅಂಟಾರ್ಕ್ಟಿಕಾದಲ್ಲೂ ಇದೆ. ಎಲೆಯ ತುದಿಯ ಕೋಶಗಳಲ್ಲಿ ಪತ್ರಹರಿತ್ತು ಇಲ್ಲದ್ದರಿಂದ ಆ ಬಿಳುಪು. ಹಾಗಾಗಿ ಒಂದು ಹಾವಸೆ ಈ ದ್ವೀಪದಲ್ಲಿ ಮಾತ್ರ ಇದೆ ಎಂದು ಯಾರಾದರೂ ಬರೆದರೆ, ಬೇರೆ ಊರುಗಳ ಪೊಟ್ಟಣಗಳನ್ನೆಲ್ಲ ಬಿಚ್ಚಿ ಹೋಲಿಸುವ ತನಕ ನಾನಂತೂ ಅದನ್ನು ಅರ್ಜಿ ಎಂದೇ ಓದುತ್ತೇನೆ, ತೀರ್ಪು ಎಂದಲ್ಲ.

ಕೆಲವು ಅರ್ಜಿ ಗೆಲ್ಲುತ್ತವೆ. ಅಟ್ಲಾಂಟಿಕ್‌ನ ಮಡೈರಾ, ಅಜೋರ್ಸ್ ದ್ವೀಪಗಳ ಎಕಿನೋಡಿಯಮ್ ಕುಲಕ್ಕೆ ಯುರಾಟ್ಸ್ಕ ಎಂಬ ಸಸ್ಯಶಾಸ್ತ್ರಜ್ಞ 1866ರಲ್ಲಿ ಹೆಸರಿಟ್ಟ. ಅದೇ ಚಹರೆಯ ಹಾವಸೆ ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಕಡೆಯೂ ಸಿಕ್ಕಿತು. ಭೂಮಿಯ ಎರಡು ಮೂಲೆಯಲ್ಲಿ ಒಂದೇ ಮನೆತನ ಹೇಗೆ ಎಂದು ಬಹುಕಾಲ ತಲೆಕೆಡಿಸಿಕೊಂಡರು. 2008ರಲ್ಲಿ ಡಿಎನ್ಎ ನೋಡಿದರೆ, ಅವು ಒಂದೇ ಬಳಗವಲ್ಲ. ರೂಪ ಮಾತ್ರ ಎರಡು ಕಡೆ ಬೇರೆ ಬೇರೆಯಾಗಿ ಮೂಡಿತ್ತು. ಹಾಗಾಗಿ ಅಟ್ಲಾಂಟಿಕ್ ದ್ವೀಪಗಳ ಅರ್ಜಿ ಗೆದ್ದಿತು.

ನಮ್ಮ ನಾಡಿನಲ್ಲಿ ಸಂಗ್ರಹಕಾರರು ಹೆಚ್ಚಾಗಿ ಹೋದದ್ದು ಮಲೆನಾಡಿಗೆ. ಆದರೆ ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿ ಸೀಮೆಯ ಬಂಡೆಗುಡ್ಡಗಳೂ ಒಂದು ಲೆಕ್ಕದಲ್ಲಿ ದ್ವೀಪಗಳೇ, ಸುತ್ತ ಜೋಳ, ಸಜ್ಜೆಯ ಹೊಲದ ಕಡಲು. ಹಾವಸೆ ಸಂಗ್ರಹಿಸಲು ಹಣ ಖರ್ಚಿಲ್ಲ. ಹೂಗಿಡದಂತೆ ಒತ್ತಿ ಒಣಗಿಸಬೇಕಿಲ್ಲ. ಚಾಕುವಿನಿಂದ ಬೆರಳಗಲ ಕೆರೆದು, ಕುಡಿಕೆ ಇರುವುದನ್ನೇ ಆಯ್ದು, ನೆರಳಲ್ಲಿ ಆರಿಸಿ, ಕಾಗದದ ಪೊಟ್ಟಣದಲ್ಲಿ ಮಡಿಸಿಟ್ಟರೆ ಸಾಕು. ಎಷ್ಟೋ ವರ್ಷದ ಮೇಲೂ ಬಿಸಿನೀರಿನಲ್ಲಿ ಅದ್ದಿದರೆ ಎಲೆ ಮೊದಲಿನಂತೆ ಬಿಚ್ಚಿಕೊಂಡು ಪರೀಕ್ಷೆಗೆ ಸಿದ್ಧವಾಗುತ್ತದೆ. ನಮ್ಮ ಕಾಲೇಜುಗಳ ಸಸ್ಯಶಾಸ್ತ್ರದ ಹುಡುಗರು ಈ ಮಳೆಗಾಲದಲ್ಲೇ ಶುರು ಮಾಡಬಹುದು. ಪೊಟ್ಟಣದ ಮೇಲೆ ಊರು, ತಾರೀಕು, ಕಲ್ಲೋ ಮಣ್ಣೋ ಮರದ ತೊಗಟೆಯೋ, ನೆರಳೋ ಬಿಸಿಲೋ ಎಂಬುದನ್ನು ಪೆನ್ಸಿಲ್‌ನಲ್ಲಿ ಬರೆಯಿರಿ. ಪೆನ್ನಿನ ಶಾಯಿ ತೇವಕ್ಕೆ ಹರಡುತ್ತದೆ.